ರೆಸಿಸ್ಟಿವ್ ಟಚ್‌ಸ್ಕ್ರೀನಿನಲ್ಲಿ ಎರಡು ಬೆರಳು ಗುರುತಿಸೋದು ಹೇಗೆ

ನಾಲ್ಕು ತಂತಿಯ ರೆಸಿಸ್ಟಿವ್ ಟಚ್‌ಸ್ಕ್ರೀನ್ (ಒತ್ತಿದಾಗ ಒಳಗಿನ ಎರಡು ಪದರ ಒಂದಕ್ಕೊಂದು ತಾಗಿ ಕೆಲಸ ಮಾಡುವಂಥದ್ದು) ಮೇಲೆ ಎರಡು ಬೆರಳಿಟ್ಟರೆ ಅದು ಎರಡರ ನಡುವೆ ಎಲ್ಲೋ ಒಂದು ಜಾಗ ತೋರಿಸುತ್ತದೆ. ಅದನ್ನು ನೋಡಿ ಇದರಲ್ಲಿ ಮಲ್ಟಿಟಚ್ ಆಗೋದೇ ಇಲ್ಲ ಅಂತ ತುಂಬಾ ಜನ ಕೈಬಿಡುತ್ತಾರೆ. ಆದರೆ ಪಿಂಚ್ ಜೂಮ್ ಮಾಡೋಕೆ ಬೇಕಾದಷ್ಟು ಮಾಹಿತಿ ಆ ಗಾಜಿನಲ್ಲಿ ಇದ್ದೇ ಇದೆ. ನಾವು ವೋಲ್ಟೇಜ್ ಮಾತ್ರ ನೋಡುತ್ತೇವೆ, ಕರೆಂಟ್ ನೋಡೋದಿಲ್ಲ, ಅಷ್ಟೇ.

ಒಳಗೆ ಆಗೋದು ಇಷ್ಟು. ಎರಡು ಪದರ ಇರುತ್ತವೆ, ಒಂದರಲ್ಲಿ ಎಕ್ಸ್ ದಿಕ್ಕಿನ ಎರಡು ತಂತಿ, ಇನ್ನೊಂದರಲ್ಲಿ ವೈ ದಿಕ್ಕಿನ ಎರಡು. ಎಕ್ಸ್ ಪದರಕ್ಕೆ 5 ವೋಲ್ಟ್ ಕೊಟ್ಟಾಗ ಒಂದೇ ಬೆರಳಿದ್ದರೆ ಆ ಪದರದ ಕರೆಂಟ್ ಬದಲಾಗೋದಿಲ್ಲ. ಎರಡು ಬೆರಳಿದ್ದರೆ ಅವುಗಳ ನಡುವಿನ ಭಾಗಕ್ಕೆ ವೈ ಪದರ ಸಮಾನಾಂತರ ದಾರಿಯಾಗುತ್ತದೆ. ಆಗ ಒಟ್ಟು ಪ್ರತಿರೋಧ ಇಳಿದು ಕರೆಂಟ್ ಏರುತ್ತದೆ. ಬೆರಳುಗಳು ದೂರ ಇದ್ದಷ್ಟೂ ಏರಿಕೆ ಜಾಸ್ತಿ.

ಮೊದಲು ಸರಿಯಾದ ಪ್ಯಾನೆಲ್ ತಗೊಳ್ಳಿ. ಟಚ್ ಓದೋಕೆ ಅಂತಲೇ ಎಕ್ಸ್‌ಪಿಟಿ2046 ಚಿಪ್ ಕೂರಿಸಿರುವ ಡಿಸ್‌ಪ್ಲೇ ಬೋರ್ಡ್ ಬೇಡ, ಅಲ್ಲಿ ನಾಲ್ಕೂ ತಂತಿ ಚಿಪ್ಪಿನ ಕೈಯಲ್ಲಿರುತ್ತವೆ. ತಂತಿಗಳು ಬಿಡಿಯಾಗಿ ಹೊರಬಂದಿರೋದೇ ಬೇಕು. ಮಲ್ಟಿಮೀಟರ್ ಹಿಡಿದು ಎರಡೂ ಪದರದ ಓಮ್ಸ್ ಬರೆದಿಟ್ಟುಕೊಳ್ಳಿ. ನಾನಿಲ್ಲಿ ಒಂದೊಂದೂ 300 ಓಮ್ಸ್ ಅಂತ ಇಟ್ಟುಕೊಂಡಿದ್ದೇನೆ.

ಆರ್ಡುಯಿನೋ ಯುನೋಗೆ (ಸಣ್ಣ ಮೈಕ್ರೋಕಂಟ್ರೋಲರ್ ಬೋರ್ಡ್) ಹೀಗೆ ಕನೆಕ್ಟ್ ಮಾಡಿ: ಎಕ್ಸ್ ಪ್ಲಸ್ ಎ0ಗೆ, ಎಕ್ಸ್ ಮೈನಸ್ ಎ1ಗೆ, ವೈ ಪ್ಲಸ್ ಎ2ಗೆ, ವೈ ಮೈನಸ್ ಎ3ಗೆ. ಇದರ ಜೊತೆ ಎಕ್ಸ್ ಮೈನಸ್‌ನಿಂದ 8ನೇ ಪಿನ್ನಿಗೆ, ವೈ ಮೈನಸ್‌ನಿಂದ 9ನೇ ಪಿನ್ನಿಗೆ ಒಂದೊಂದು 33 ಓಮ್ಸ್ ರೆಸಿಸ್ಟರ್. ಬಳಸದ ಪಿನ್ನೆಲ್ಲ ಆ ಹೊತ್ತಿಗೆ ಇನ್‌ಪುಟ್ ಆಗಿರಲಿ, ಪಿನ್ನನ್ನು 5 ವೋಲ್ಟಿಗೆ ಎಳೆಯುವ ಒಳಗಿನ ಪುಲ್‌ಅಪ್ ಬೇಡ.

ಕರೆಂಟ್ ಅಳೆಯೋಕೆ ಎ0 ಹೈ (5 ವೋಲ್ಟ್), 8ನೇ ಪಿನ್ ಲೋ (0 ವೋಲ್ಟ್) ಮಾಡಿ ಎ1 ಓದಿ. ರೆಫರೆನ್ಸ್ (ರೀಡಿಂಗ್ ಗರಿಷ್ಠ 1023 ತಲುಪುವ ವೋಲ್ಟೇಜ್) 5 ವೋಲ್ಟ್ ಇಟ್ಟುಕೊಂಡರೆ ವ್ಯತ್ಯಾಸ ತೀರಾ ಸಣ್ಣದಾಗಿ ಗದ್ದಲದಲ್ಲಿ ಮುಚ್ಚಿಹೋಗುತ್ತದೆ, ಅದಕ್ಕೇ ಒಳಗಿನ 1.1 ವೋಲ್ಟ್ ರೆಫರೆನ್ಸ್‌ಗೆ ಬದಲಿಸಿ. ಪ್ರತಿ ಪಿನ್ನಿನದೇ ಸುಮಾರು 25 ಓಮ್ಸ್ ಸೇರಿಸಿ ಲೆಕ್ಕ ಹಾಕಿದರೆ ಒಂದು ಬೆರಳಿಗೆ ರೀಡಿಂಗ್ 700ರ ಆಸುಪಾಸು ಬರುತ್ತದೆ. ಬೆರಳುಗಳು ಅರ್ಧ ಸ್ಕ್ರೀನ್ ದೂರ ಇದ್ದು, ವೈ ಪದರದ ಮೂಲಕ ಹೋಗುವ ದಾರಿ 600 ಓಮ್ಸ್ ಇದ್ದರೆ 760ರ ಹತ್ತಿರ. 60 ಅಂಕೆಯ ವ್ಯತ್ಯಾಸ ಸುಲಭವಾಗಿ ಹಿಡಿಯಬಹುದು ಅಲ್ವಾ? 1023ಕ್ಕೆ ಅಂಟಿಕೊಂಡರೆ ಇನ್ನೂ ಚಿಕ್ಕ ರೆಸಿಸ್ಟರ್ ಹಾಕಿ.

ರೆಫರೆನ್ಸ್ ಬದಲಿಸಿದ ಮೇಲೆ 30 ಮಿಲಿಸೆಕೆಂಡ್ ಕಾಯಿರಿ. ಬೋರ್ಡಿನ ರೆಫರೆನ್ಸ್ ಪಿನ್ನಿನ ಕೆಪಾಸಿಟರ್ 5ರಿಂದ 1.1ಕ್ಕೆ ಇಳಿಯೋಕೆ ಅಷ್ಟು ಹೊತ್ತು ಬೇಕು. ಆದ್ದರಿಂದ ಎಕ್ಸ್, ವೈ ಎರಡರ ಕರೆಂಟನ್ನೂ ಒಟ್ಟಿಗೆ ಅಳೆದು, ಹದಿನಾರು ಸಲದ ಸರಾಸರಿ ತೆಗೆದು, ಆಮೇಲೆ 5 ವೋಲ್ಟಿಗೆ ಮರಳಿ ಜಾಗ ಓದೋದು ಒಳ್ಳೆಯದು. ಎರಡೂ ದಿಕ್ಕು ಬೇಕೇ ಬೇಕು. ಬೆರಳುಗಳು ನೇರ ಮೇಲೆ ಕೆಳಗೆ ಇದ್ದರೆ ಎಕ್ಸ್ ಕರೆಂಟ್ ಅಲ್ಲಾಡೋದೇ ಇಲ್ಲ, ವೈ ಕರೆಂಟ್ ಮಾತ್ರ ಏರುತ್ತದೆ.

ಜಾಗ ಓದುವಾಗ ರೆಸಿಸ್ಟರ್ ಬಿಟ್ಟು ಎ1ನ್ನೇ ಲೋ ಮಾಡಿ. ಎ2 ಮತ್ತು ಎ3 ಎರಡನ್ನೂ ಓದಿ. ನನಗೆ ತುಂಬಾ ಇಷ್ಟವಾದ ಭಾಗ ಇದೇ: ಒಂದು ಬೆರಳಿದ್ದಾಗ ಎರಡೂ ಹೆಚ್ಚುಕಡಿಮೆ ಒಂದೇ ಬರುತ್ತವೆ, ಎರಡು ಬೆರಳು ಓರೆಯಾಗಿದ್ದಾಗ ಬೇರೆಯಾಗುತ್ತವೆ, ಯಾಕಂದ್ರೆ ವೈ ಪದರದ ಪ್ರತಿ ತುದಿಯೂ ತನಗೆ ಹತ್ತಿರದ ಬೆರಳಿನ ವೋಲ್ಟೇಜ್ ತೋರಿಸುತ್ತದೆ. ಎ2 ಜಾಸ್ತಿ ಇದ್ದರೆ ವೈ ಪ್ಲಸ್ ಕಡೆಯ ಬೆರಳೇ ಎಕ್ಸ್ ಪ್ಲಸ್‌ಗೂ ಹತ್ತಿರ, ಕಡಿಮೆ ಇದ್ದರೆ ಉಲ್ಟಾ. ಬರೀ ಕರೆಂಟಿನಿಂದ ಈ ಓರೆ ಯಾವ ಕಡೆಗೆ ಅಂತ ಗೊತ್ತಾಗೋದಿಲ್ಲ. ಎರಡೂ ರೀಡಿಂಗಿನ ಸರಾಸರಿಯನ್ನು ಸುಮಾರಾಗಿ ನಡುಬಿಂದು ಅಂತ ಹಿಡಿಯಬಹುದು.

ಎರಡು ಬೆರಳಿವೆ ಅಂತ ತೀರ್ಮಾನಿಸೋಕೆ ಕರೆಂಟಿಗೆ ಮಿತಿ ಹಾಕುವಾಗ ಹೆಬ್ಬೆರಳನ್ನು ಅಗಲವಾಗಿ ಒತ್ತಿ ನೋಡಿ, ಅದಕ್ಕೂ ಕರೆಂಟ್ ಸ್ವಲ್ಪ ಏರುತ್ತದೆ. ನಿಮ್ಮ ಮಿತಿ ಅದಕ್ಕಿಂತ ಮೇಲಿರಲಿ. ಒತ್ತಡ ಬದಲಾದರೂ ರೀಡಿಂಗ್ ಬದಲಾಗುತ್ತದೆ, ಹಾಗಾಗಿ ಬೆರಳುಗಳ ನಡುವೆ ಎಷ್ಟು ಮಿಲಿಮೀಟರ್ ಅಂತ ಲೆಕ್ಕ ಹಾಕೋಕೆ ಹೋಗಬೇಡಿ. ರೀಡಿಂಗ್ ಸತತವಾಗಿ ಏರುತ್ತಿದ್ದರೆ ಜೂಮ್ ಇನ್, ಇಳಿಯುತ್ತಿದ್ದರೆ ಜೂಮ್ ಔಟ್ ಅಂತ ಮಾತ್ರ ತಗೊಳ್ಳಿ. ಮೂರನೇ ಬೆರಳನ್ನು ಬೇರೆ ಮಾಡಿ ಗುರುತಿಸೋಕೆ ಈ ನಾಲ್ಕು ತಂತಿ ಸಾಲೋದಿಲ್ಲ.