ಮಳೆಗಾಲದಲ್ಲಿ ಮೈನ್ ಕೂನ್ ಬೆಕ್ಕಿನ ಕೂದಲ ಗಂಟು ಬಿಡಿಸಲು

ಉದ್ದ ಕೂದಲಿನ ದೊಡ್ಡ ತಳಿಯಾದ ಮೈನ್ ಕೂನ್ ಬೆಕ್ಕಿನ ಕಂಕುಳಲ್ಲಿ, ಕಿವಿಯ ಹಿಂದೆ ಅಥವಾ ಹಿಂದೊಡೆಯಲ್ಲಿ ಕೂದಲು ಗಂಟಾಗಿದ್ದರೆ, ನೀರು ತಾಗಿಸದೆ ಒಂದು ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ, ಗಂಟಿನ ಬುಡವನ್ನು ಎರಡು ಬೆರಳುಗಳಲ್ಲಿ ಭದ್ರವಾಗಿ ಹಿಡಿದು, ತುದಿಯಿಂದ ಸ್ವಲ್ಪಸ್ವಲ್ಪವೇ ಬಿಡಿಸುತ್ತಾ ಬಂದು, ಕೊನೆಗೆ ಅಗಲ ಹಲ್ಲಿನ ಸ್ಟೀಲ್ ಬಾಚಣಿಗೆ ಆಡಿಸಿ. ಹಿಟ್ಟು ಜಿಡ್ಡನ್ನೂ ತೇವವನ್ನೂ ಹೀರಿಕೊಂಡು ಎಳೆಗಳನ್ನು ಸಡಿಲಿಸುತ್ತದೆ. ಬುಡವನ್ನು ಹಿಡಿದಿರುವುದರಿಂದ ಚರ್ಮ ಜಗ್ಗುವುದಿಲ್ಲ, ಹಾಗಾಗಿ ಮೊದಲೇ ಅಕ್ಕರೆಯ ಸ್ವಭಾವದ ಈ ಬೆಕ್ಕು ಮಡಿಲಲ್ಲಿ ನೆಮ್ಮದಿಯಾಗಿ ಮಲಗಿರುತ್ತದೆ. ನಮ್ಮ ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಫಿ ತೋಟ ಸುತ್ತಿ ಬಂದ ಬೆಕ್ಕಿನ ಮೇಲ್ಗೂದಲು ಒಣಗಿದಂತೆ ಕಂಡರೂ ಒಳಗಿನ ನುಣುಪು ಕೂದಲು ಒದ್ದೆಯಾಗಿಯೇ ಉಳಿದಿರುತ್ತದೆ; ಅದನ್ನು ಮೊದಲು ಟವೆಲ್‌ನಿಂದ ಒತ್ತಿ ಒಣಗಿಸಬೇಕು, ಉಜ್ಜಬಾರದು, ಏಕೆಂದರೆ ಉಜ್ಜಿದಷ್ಟೂ ಗಂಟು ಬಿಗಿಯುತ್ತದೆ. ಚರ್ಮಕ್ಕೇ ಅಂಟಿಕೊಂಡು ಕಂಬಳಿಯಂತೆ ಗಟ್ಟಿಯಾದ ಗಂಟಿಗೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ದಯವಿಟ್ಟು ಕತ್ತರಿ ಹಾಕಬೇಡಿ: ಬೆಕ್ಕಿನ ತೆಳು ಚರ್ಮ ಗಂಟಿನ ಜೊತೆಗೇ ಮೇಲೆದ್ದು ಬರುವುದರಿಂದ ಸುಲಭವಾಗಿ ಸೀಳುತ್ತದೆ. ಪಶುವೈದ್ಯರಲ್ಲಿ ಕೂದಲು ಬೋಳಿಸುವ ಯಂತ್ರವಾದ ಕ್ಲಿಪ್ಪರ್‌ನಿಂದ ತೆಗೆಸುವುದೇ ಕ್ಷೇಮ. ಗುಂಡಗೆ ಕೂದಲುದುರಿ ಹೊಟ್ಟು ಕಾಣಿಸಿದರೆ ಅದು ಹುಳುಕಡ್ಡಿ ಇರಬಹುದು. ಮನುಷ್ಯರಿಗೂ ಅಂಟುವ ಕಾಯಿಲೆಯಾದ ಕಾರಣ ಬಾಚದೆ ನೇರವಾಗಿ ವೈದ್ಯರಿಗೆ ತೋರಿಸಿ.