ಟಿಬಿ ಮಾತ್ರೆಯ ಕಾಟ: ಯಾವುದನ್ನು ನಿಭಾಯಿಸಬೇಕು, ಯಾವುದಕ್ಕೆ ಅವತ್ತೇ ನಿಲ್ಲಿಸಬೇಕು

ಟಿಬಿ ಮಾತ್ರೆ ಶುರುಮಾಡಿದ ಮೊದಲ ದಿನವೇ ಮೂತ್ರ ಕೇಸರಿ ಬಣ್ಣಕ್ಕೆ ತಿರುಗುತ್ತದೆ. ಮೊದಲೇ ಯಾರೂ ಹೇಳಿರದಿದ್ದರೆ ರಕ್ತ ಹೋಗುತ್ತಿದೆ ಎಂದು ಗಾಬರಿಯಾಗುವುದು ಸಹಜ. ಇದು ರಿಫಾಂಪಿಸಿನ್ ಎಂಬ ಔಷಧದ ಬಣ್ಣ, ಅಷ್ಟೆ. ಬೆವರು, ಕಣ್ಣೀರು, ಎಂಜಲಿಗೂ ಅದೇ ಬಣ್ಣ ಬರಬಹುದು. ಬಿಳಿ ಬನಿಯನ್ನಿನ ಕಂಕುಳಲ್ಲಿ ಕಲೆ ಕೂರುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಆರು ತಿಂಗಳು ಕನ್ನಡಕಕ್ಕೆ ಬನ್ನಿ, ಲೆನ್ಸಿಗೆ ಹಿಡಿದ ಬಣ್ಣ ಮತ್ತೆ ಹೋಗುವುದಿಲ್ಲ.

ಈ ಚಿಕಿತ್ಸೆಯಲ್ಲಿ ಬರುವ ತೊಂದರೆಗಳಲ್ಲಿ ಬಹುಪಾಲು ಮಾತ್ರೆ ಬಿಡದೆಯೇ ಸರಿಮಾಡಿಕೊಳ್ಳಬಹುದಾದವು. ಕೆಲವೇ ಕೆಲವಕ್ಕೆ ಮುಂದಿನ ಡೋಸ್ ನುಂಗದೆ ಆಸ್ಪತ್ರೆಗೆ ಹೋಗಬೇಕು. ಆಗುವುದು ಮಾತ್ರ ಉಲ್ಟಾ: ವಾಕರಿಕೆ ಬಂತೆಂದು ಮಾತ್ರೆ ಬಿಡುತ್ತಾರೆ, ಕಣ್ಣು ಮಂಜಾದರೆ ವಯಸ್ಸಾಯಿತು ಎಂದುಕೊಂಡು ನುಂಗುತ್ತಲೇ ಇರುತ್ತಾರೆ.

ಇಲ್ಲಿ ಹೇಳುವುದೆಲ್ಲ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ, ಆರು ತಿಂಗಳ ಸಾಮಾನ್ಯ ಟಿಬಿ ಚಿಕಿತ್ಸೆಗೆ. ಔಷಧಕ್ಕೆ ಬಗ್ಗದ ಟಿಬಿಯ ಮಾತ್ರೆಗಳೇ ಬೇರೆ, ಅವುಗಳ ತೊಂದರೆಗಳೂ ಬೇರೆ.

ಮೊದಲು ಮಾತ್ರೆ ಎಣಿಸಿ

ಮೊದಲ ಎರಡು ತಿಂಗಳು ಕೊಡುವ ಒಂದೊಂದು ಮಾತ್ರೆಯಲ್ಲೂ ನಾಲ್ಕು ಔಷಧ ಇರುತ್ತವೆ: ಐಸೋನಿಯಾಜಿಡ್ 75, ರಿಫಾಂಪಿಸಿನ್ 150, ಪೈರಜಿನಮೈಡ್ 400, ಎಥಾಂಬ್ಯುಟಾಲ್ 275 ಮಿಲಿಗ್ರಾಂ. ನಂತರದ ನಾಲ್ಕು ತಿಂಗಳು ಪೈರಜಿನಮೈಡ್ ಇರುವುದಿಲ್ಲ. ದಿನಕ್ಕೆ ಎಷ್ಟು ಮಾತ್ರೆ ಎಂಬುದು ತೂಕದ ಮೇಲೆ. ದೊಡ್ಡವರಿಗೆ 25ರಿಂದ 34 ಕೆ.ಜಿ.ಗೆ ಎರಡು, 35ರಿಂದ 49ಕ್ಕೆ ಮೂರು, 50ರಿಂದ 64ಕ್ಕೆ ನಾಲ್ಕು, 65ರಿಂದ 75ಕ್ಕೆ ಐದು, ಅದರ ಮೇಲೆ ಆರು. ನಿಮ್ಮ ತೂಕಕ್ಕೂ ಮಾತ್ರೆಯ ಲೆಕ್ಕಕ್ಕೂ ತಾಳೆಯಾಗದಿದ್ದರೆ ಕೇಳಿ. ಕೇಳದೆ ನೀವೇ ಒಂದು ಕಮ್ಮಿ ಮಾಡಬೇಡಿ. ನಾಲ್ಕೂ ಔಷಧ ಒಂದರಲ್ಲೇ ಇರುವುದರಿಂದ, ಒಂದು ಮಾತ್ರೆ ಬಿಟ್ಟರೆ ಕಾಟ ಕೊಡುವ ಔಷಧದ ಜೊತೆ ಉಳಿದ ಮೂರೂ ಕಮ್ಮಿಯಾಗುತ್ತವೆ. ಅರೆಬರೆ ಡೋಸಿನಲ್ಲಿ ಬದುಕಿ ಉಳಿದ ಕ್ರಿಮಿಯೇ ಮುಂದೆ ಔಷಧಕ್ಕೆ ಬಗ್ಗದಂತಾಗುವುದು.

ವಾಕರಿಕೆ, ವಾಂತಿ, ಹೊಟ್ಟೆ ತೊಳೆಸುವುದು

ಮೊದಲ ಎರಡು ಮೂರು ವಾರ ಇದು ಹೆಚ್ಚು. ಎಲ್ಲಕ್ಕಿಂತ ಜಾಸ್ತಿ ಜನ ಮಾತ್ರೆ ಬಿಡುವುದೂ ಇದೇ ಹೊತ್ತಿನಲ್ಲಿ. ರಿಫಾಂಪಿಸಿನ್ ಖಾಲಿ ಹೊಟ್ಟೆಯಲ್ಲಿ ಚೆನ್ನಾಗಿ ಮೈಗೆ ಹತ್ತುತ್ತದೆ, ಅದಕ್ಕೇ ತಿಂಡಿಗೆ ಒಂದು ಗಂಟೆ ಮೊದಲು ಎನ್ನುತ್ತಾರೆ. ಆದರೆ ಖಾಲಿ ಹೊಟ್ಟೆಗೆ ನುಂಗಿ ವಾಂತಿ ಮಾಡಿದರೆ ಒಳಗೆ ಉಳಿಯುವುದೇನು? ಹಾಗಾಗಿ ಒಂದೊಂದೇ ಮೆಟ್ಟಿಲು ಇಳಿಯಿರಿ:

1. ಮೊದಲು ನುಂಗುವ ರೀತಿ ಬದಲಿಸಿ. ನಾಲ್ಕೂ ಮಾತ್ರೆ ಒಟ್ಟಿಗೆ ಬಾಯಿಗೆ ಹಾಕಿಕೊಳ್ಳಬೇಡಿ. ಒಂದೊಂದಾಗಿ, ಎರಡು ಮೂರು ಗುಟುಕು ನೀರಿನ ಜೊತೆ, ಹತ್ತು ಹದಿನೈದು ನಿಮಿಷದಲ್ಲಿ ಮುಗಿಸಿ. ಬೆಳಿಗ್ಗೆ ಎರಡು, ಸಂಜೆ ಎರಡು ಎಂದು ಹಂಚಬೇಡಿ. ರಕ್ತದಲ್ಲಿ ಔಷಧ ಒಮ್ಮೆಗೇ ಮೇಲೇರಿದರೆ ಕ್ರಿಮಿ ಚೆನ್ನಾಗಿ ಸಾಯುತ್ತದೆ. ನುಂಗಿದ ಮೇಲೆ ಅರ್ಧ ಗಂಟೆ ಮಲಗಬೇಡಿ.

2. ಆಗಲೂ ತಡೆಯದಿದ್ದರೆ ಸ್ವಲ್ಪ ಹಗುರಾದದ್ದು ತಿಂದು ನುಂಗಿ. ಒಂದು ಇಡ್ಲಿ, ಎರಡು ಬಿಸ್ಕತ್ತು, ಅರ್ಧ ಲೋಟ ಗಂಜಿ ಸಾಕು. ಪೂರಿ, ಎಣ್ಣೆ ಸುರಿದ ದೋಸೆ, ತುಪ್ಪದನ್ನ ಬೇಡ. ಜಿಡ್ಡಿನ ಊಟ ಔಷಧ ಹೀರುವುದನ್ನು ತಗ್ಗಿಸುತ್ತದೆ.

3. ಇಲ್ಲವೇ ರಾತ್ರಿಗೆ ಹಾಕಿಕೊಳ್ಳಿ. ಊಟವಾಗಿ ಎರಡು ಗಂಟೆ ಬಿಟ್ಟು ನುಂಗಿ, ಅರ್ಧ ಗಂಟೆ ಕೂತಿದ್ದು ಮಲಗಿದರೆ ವಾಕರಿಕೆ ನಿದ್ದೆಯಲ್ಲೇ ಕಳೆದುಹೋಗುತ್ತದೆ. ಐಸೋನಿಯಾಜಿಡ್ ಕೆಲವರಿಗೆ ನಿದ್ದೆ ಕೆಡಿಸುತ್ತದೆ, ಅಂಥವರಿಗೆ ಈ ದಾರಿ ಆಗಿಬರುವುದಿಲ್ಲ. ಹೊತ್ತು ಬದಲಿಸಿದ್ದನ್ನು ಆಶಾ ಕಾರ್ಯಕರ್ತೆಗೋ ಟಿಬಿ ಸೂಪರ್‌ವೈಸರ್‌ಗೋ ತಿಳಿಸಿಡಿ.

4. ಮತ್ತೂ ಆಗದಿದ್ದರೆ ವಾಂತಿ ತಡೆಯುವ ಮಾತ್ರೆಯನ್ನು ಡಾಕ್ಟರ್ ಬರೆದುಕೊಡುತ್ತಾರೆ. ಅದನ್ನು ಟಿಬಿ ಮಾತ್ರೆಗೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬೇಕು, ವಾಂತಿಯಾದ ಮೇಲಲ್ಲ.

ಎದೆಯುರಿಗೆ ಅಂಗಡಿಯಿಂದ ತರುವ ಗುಲಾಬಿ, ಬಿಳಿ ಆಂಟಾಸಿಡ್ ಸಿರಪ್ಪಿನ ವಿಷಯದಲ್ಲಿ ಎಚ್ಚರ. ಅದರಲ್ಲಿರುವ ಅಲ್ಯೂಮಿನಿಯಂ, ಐಸೋನಿಯಾಜಿಡ್ ಮತ್ತು ಎಥಾಂಬ್ಯುಟಾಲ್ ಎರಡೂ ಮೈಗೆ ಹತ್ತದಂತೆ ಮಾಡುತ್ತದೆ. ಬೇಕೇಬೇಕಾದರೆ ಟಿಬಿ ಮಾತ್ರೆ ನುಂಗಿ ನಾಲ್ಕು ಗಂಟೆ ಕಳೆದ ಮೇಲೆ ಕುಡಿಯಿರಿ.

ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾಗಿ ಮಾತ್ರೆ ಇಡಿಯಾಗಿ ಹೊರಬಿದ್ದಿದ್ದರೆ ಸಾಮಾನ್ಯವಾಗಿ ಮತ್ತೆ ನುಂಗಲು ಹೇಳುತ್ತಾರೆ. ಒಂದು ಫೋನ್ ಮಾಡಿ ಕೇಳಿಕೊಳ್ಳಿ. ಒಂದು ದಿನ ಮರೆತರೆ ಅವತ್ತೇ ನೆನಪಾದಾಗ ನುಂಗಿ, ಮರುದಿನ ಎರಡು ದಿನದ್ದು ಸೇರಿಸಿ ನುಂಗಬೇಡಿ.

"ಮಾತ್ರೆ ಬಲು ಉಷ್ಣ" ಎನ್ನುವ ಮಾತು ಎಲ್ಲ ಮನೆಯಲ್ಲೂ ಬರುತ್ತದೆ. ಮಜ್ಜಿಗೆ, ಎಳನೀರು, ರಾಗಿ ಅಂಬಲಿ ಕುಡಿಯುವುದರಿಂದ ಏನೂ ಕೆಡುವುದಿಲ್ಲ, ಕುಡಿಯಿರಿ. ಆದರೆ ಉಷ್ಣಕ್ಕೆಂದು ಮೊಟ್ಟೆ, ಮಾಂಸ, ಬೇಳೆ ಬಿಡಿಸಿ ಬರೀ ಗಂಜಿಗೆ ಕೂರಿಸಿದರೆ ಮೈ ತುಂಬುವುದು ಯಾವಾಗ? ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿ ಖಾತೆಗೆ ಬರುವುದು ಇಂಥ ಊಟಕ್ಕೇ.

ಕಾಮಾಲೆ: ಇದನ್ನು ತಪ್ಪಿಸಿಕೊಳ್ಳಬೇಡಿ

ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್ ಮೂರಕ್ಕೂ ಲಿವರ್ ಕೆಡಿಸುವ ಶಕ್ತಿ ಇದೆ. ಕುಡಿತ ಇರುವವರು, ಹೆಪಟೈಟಿಸ್ ಬಿ ಅಥವಾ ಸಿ ಇರುವವರು, ವಯಸ್ಸಾದವರು, ತೀರಾ ಸೊರಗಿದವರಿಗೆ ಅಪಾಯ ಹೆಚ್ಚು. ಮಾತ್ರೆ ಶುರುವಾಗುವ ಮೊದಲೇ ಎಲ್‌ಎಫ್‌ಟಿ (ಲಿವರಿನ ರಕ್ತಪರೀಕ್ಷೆ) ಮಾಡಿಸಿಟ್ಟರೆ ಮುಂದೆ ಹೋಲಿಸಿ ನೋಡಲು ಒಂದು ಲೆಕ್ಕ ಸಿಗುತ್ತದೆ.

ಮೊದಲ ವಾರದ ವಾಕರಿಕೆಗೂ ಲಿವರಿನ ವಾಕರಿಕೆಗೂ ವ್ಯತ್ಯಾಸವಿದೆ. ಮೊದಲನೆಯದು ಮಾತ್ರೆ ನುಂಗಿದ ಒಂದೆರಡು ಗಂಟೆ ಕಾಡಿ ಹೋಗುತ್ತದೆ. ಮಧ್ಯಾಹ್ನದ ಊಟ ಸೇರುತ್ತದೆ. ಎರಡನೆಯದು ಚೆನ್ನಾಗಿ ಹೊಂದಿಕೊಂಡಿದ್ದವರಿಗೆ ಮೂರೋ ಆರೋ ವಾರ ಕಳೆದ ಮೇಲೆ ಹೊಸದಾಗಿ ಶುರುವಾಗುತ್ತದೆ, ದಿನವಿಡೀ ಇರುತ್ತದೆ, ಊಟದ ವಾಸನೆಯೇ ಆಗುವುದಿಲ್ಲ. ಬಲ ಪಕ್ಕೆಯ ಕೆಳಗೆ ನೋವು, ವಿಪರೀತ ಸುಸ್ತು ಜೊತೆಗೂಡುತ್ತವೆ.

ಮೂತ್ರ ಹೇಗೂ ಕೇಸರಿ ಇರುವಾಗ ಕಾಮಾಲೆ ತಿಳಿಯುವುದು ಹೇಗೆ? ರಿಫಾಂಪಿಸಿನ್ ಬಣ್ಣ ಮಾತ್ರೆ ನುಂಗಿದ ಕೆಲವು ಗಂಟೆ ಗಾಢವಾಗಿದ್ದು, ಮರುದಿನ ನುಂಗುವ ಹೊತ್ತಿಗೆ ತಿಳಿಯಾಗಿರುತ್ತದೆ. ಮಾತ್ರೆಗೆ ಮುಂಚಿನ ಮೂತ್ರವೂ ಕಾಫಿ ಡಿಕಾಕ್ಷನ್ನಿನಂತೆ ಕಪ್ಪಗಿದ್ದರೆ ಅನುಮಾನಪಡಿ. ಕಣ್ಣು ನೋಡುವುದು ಇನ್ನೂ ಖಾತ್ರಿ. ಟ್ಯೂಬ್‌ಲೈಟಿನ ಕೆಳಗಲ್ಲ, ಬೆಳಗಿನ ಬಿಸಿಲು ಬೀಳುವ ಬಾಗಿಲ ಬಳಿ ನಿಂತು, ಕೆಳ ರೆಪ್ಪೆಯನ್ನು ಬೆರಳಲ್ಲಿ ಕೆಳಕ್ಕೆಳೆದು, ಮೇಲೆ ನೋಡುತ್ತ ಬೇರೆಯವರಿಂದ ಪರೀಕ್ಷೆ ಮಾಡಿಸಿ. ಮಾತ್ರೆಯ ಬಣ್ಣ ಕಣ್ಣೀರಿಗೆ ಬಂದರೂ ಕಣ್ಣಿನ ಬಿಳಿಗುಡ್ಡೆ ಹಳದಿಯಾಗುವುದಿಲ್ಲ. ಹಳದಿ ಕಂಡಿತೋ, ಮುಂದಿನ ಡೋಸ್ ನುಂಗದೆ ಅವತ್ತೇ ಆಸ್ಪತ್ರೆಗೆ ಹೋಗಿ.

ಅಲ್ಲಿ ಎಲ್‌ಎಫ್‌ಟಿ ನೋಡುತ್ತಾರೆ. ತೊಂದರೆ ಕಾಣಿಸಿಕೊಂಡಿದ್ದು ಲಿವರ್ ಎಂಜೈಮ್ ಮೇಲ್ಮಿತಿಯ ಮೂರು ಪಟ್ಟು ದಾಟಿದ್ದರೆ, ಅಥವಾ ತೊಂದರೆ ಏನೂ ಇಲ್ಲದೆಯೂ ಐದು ಪಟ್ಟು ದಾಟಿದ್ದರೆ ಮಾತ್ರೆ ನಿಲ್ಲಿಸುತ್ತಾರೆ. ಇಳಿದ ಮೇಲೆ ಬಿಡಿ ಮಾತ್ರೆಗಳಲ್ಲಿ ಒಂದೊಂದೇ ಔಷಧ ಮತ್ತೆ ಕೊಟ್ಟು, ಯಾವುದು ಕಾರಣ ಎಂದು ಹುಡುಕುತ್ತಾರೆ. ಅಂದರೆ ಚಿಕಿತ್ಸೆ ಅಲ್ಲಿಗೆ ಮುಗಿಯಿತೆಂದಲ್ಲ.

ಕಾಮಾಲೆಗೆ ಬೇರು ಅರೆದು ಕುಡಿಸುವುದು, ಕೈಗೆ ಬರೆ ಹಾಕಿಸುವುದು ಮಾಡುತ್ತ ಕೂತರೆ ಒಳಗೆ ಲಿವರ್ ಹೋಗುತ್ತಿರುತ್ತದೆ. ಅಮೃತಬಳ್ಳಿ ಕಷಾಯದಿಂದಲೇ ಲಿವರ್ ಕೆಟ್ಟ ಪ್ರಕರಣಗಳು ನಮ್ಮ ದೇಶದಲ್ಲಿ ವರದಿಯಾಗಿವೆ. ಈ ಆರು ತಿಂಗಳು ಅದನ್ನು ದೂರ ಇಡಿ. ಸಾರಾಯಿ ಒಂದು ಪೆಗ್ಗೂ ಬೇಡ.

ಕಣ್ಣು: ವಾರಕ್ಕೊಮ್ಮೆ ಎರಡು ನಿಮಿಷ

ಎಥಾಂಬ್ಯುಟಾಲ್ ಕಣ್ಣಿನ ನರಕ್ಕೆ ತಾಗಬಹುದು. ಅಪರೂಪ, ಆದರೆ ತಡಮಾಡಿದರೆ ದೃಷ್ಟಿ ಪೂರ್ತಿ ಮರಳದಿರಬಹುದು. ಕಿಡ್ನಿ ತೊಂದರೆ ಇದ್ದವರಿಗೆ ಔಷಧ ಮೈಯಲ್ಲೇ ಉಳಿದು ಅಪಾಯ ಹೆಚ್ಚುತ್ತದೆ. ಸಾಮಾನ್ಯವಾಗಿ ಎರಡು ತಿಂಗಳು ಕಳೆದ ಮೇಲೆ, ಮೊದಲು ಕೆಂಪು–ಹಸಿರು ಬಣ್ಣಗಳಲ್ಲಿ ವ್ಯತ್ಯಾಸ ಕಾಣಿಸಿಕೊಳ್ಳುತ್ತದೆ.

ಮನೆಯ ಗೋಡೆಯಲ್ಲಿರುವ ದೊಡ್ಡ ಕ್ಯಾಲೆಂಡರೇ ಪರೀಕ್ಷೆಗೆ ಸಾಕು. ಮಾತ್ರೆ ಶುರುಮಾಡಿದ ದಿನವೇ ನೆಲದಲ್ಲಿ ಒಂದು ಗುರುತು ಹಾಕಿ, ಅಲ್ಲಿ ನಿಂತು ಒಂದು ಕಣ್ಣು ಮುಚ್ಚಿ ಎಷ್ಟು ಸಣ್ಣ ಅಕ್ಷರ ಓದಲಾಗುತ್ತದೆ ನೋಡಿಟ್ಟುಕೊಳ್ಳಿ. ಆಮೇಲೆ ಇನ್ನೊಂದು ಕಣ್ಣು. ವಾರಕ್ಕೊಮ್ಮೆ ಅದೇ ಜಾಗ, ಅದೇ ಬೆಳಕು. ಕನ್ನಡಕ ಇದ್ದರೆ ಹಾಕಿಕೊಂಡೇ. ಭಾನುವಾರದ ಕೆಂಪು ಅಂಕಿ ಎರಡೂ ಕಣ್ಣಿಗೆ ಒಂದೇ ಕೆಂಪಾಗಿ ಕಾಣುತ್ತದೆಯೇ? ಒಂದಕ್ಕೆ ಕುಂಕುಮದಂತೆ, ಇನ್ನೊಂದಕ್ಕೆ ಮಾಸಿದ ಇಟ್ಟಿಗೆಯಂತೆ ಕಂಡರೆ, ಅಕ್ಷರದ ನಡುವೆ ಮಬ್ಬು ಕೂತರೆ, ಮಾತ್ರೆ ನಿಲ್ಲಿಸಿ ಕೂಡಲೇ ಡಾಕ್ಟರಿಗೆ ತೋರಿಸಿ. ಎರಡೂ ಕಣ್ಣು ತೆರೆದು ನೋಡಿದರೆ ಒಳ್ಳೆಯ ಕಣ್ಣು ಕೆಟ್ಟದ್ದನ್ನು ಮುಚ್ಚಿಹಾಕುತ್ತದೆ, ಅದಕ್ಕೇ ಒಂದೊಂದಾಗಿ.

ಕೀಲುನೋವು, ಅಂಗಾಲಿನ ಉರಿ, ತುರಿಕೆ

ಮೊದಲ ಎರಡು ತಿಂಗಳ ಮಂಡಿ, ಭುಜ, ಬೆರಳ ನೋವಿಗೆ ಪೈರಜಿನಮೈಡ್ ಕಾರಣ. ಅದು ಯೂರಿಕ್ ಆಸಿಡ್ ಹೊರಹೋಗದಂತೆ ತಡೆಯುತ್ತದೆ. ಔಷಧ ನಿಂತ ಮೇಲೆ ನೋವೂ ಹೋಗುತ್ತದೆ. ಅಲ್ಲಿಯವರೆಗೆ ನೀರು ಚೆನ್ನಾಗಿ ಕುಡಿಯಿರಿ, ತಡೆಯದಿದ್ದರೆ ಪ್ಯಾರಸಿಟಮಾಲ್ 500. ಅದೂ ಲಿವರಿಗೆ ಭಾರವೇ, ಡಾಕ್ಟರನ್ನು ಕೇಳದೆ ದಿನಕ್ಕೆ ಮೂರು ದಾಟಿಸಬೇಡಿ. ಮೆಡಿಕಲ್ ಶಾಪಿನಲ್ಲಿ "ನೋವಿಗೆ" ಎಂದರೆ ಕೊಡುವ ಮಾತ್ರೆಗಳಲ್ಲಿ ನಿಮೆಸುಲೈಡ್ ಇದ್ದರೆ ವಾಪಸ್ ಕೊಡಿ. ಕಾಲಿನ ಹೆಬ್ಬೆರಳ ಬುಡ ಕೆಂಪಾಗಿ ಊದಿಕೊಂಡು ಮುಟ್ಟಲೂ ಆಗದಿದ್ದರೆ ಅದು ಗೌಟ್, ತೋರಿಸಲೇಬೇಕು.

ಅಂಗಾಲಲ್ಲಿ ಇರುವೆ ಹರಿದಂತೆ, ಜೋಮು ಹಿಡಿದಂತೆ, ರಾತ್ರಿ ಉರಿದಂತೆ ಆದರೆ ಅದು ಐಸೋನಿಯಾಜಿಡ್. ಮೈಯಲ್ಲಿನ ಬಿ6 ಜೀವಸತ್ವವನ್ನು ಅದು ಕಳೆಯುತ್ತದೆ. ತಡೆಯಲು ದಿನಕ್ಕೆ 10 ಮಿಲಿಗ್ರಾಂ ಪಿರಿಡಾಕ್ಸಿನ್ (ಬಿ6 ಮಾತ್ರೆ) ಸಾಕು. ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು, ಕುಡಿಯುವವರು, ಎಚ್‌ಐವಿ ಇರುವವರು ಇದನ್ನು ಕೇಳಿ ಪಡೆಯಲೇಬೇಕು. ಜೋಮು ಶುರುವಾದ ಮೇಲೆ ಡೋಸ್ ಹೆಚ್ಚಿಸುವುದು ಡಾಕ್ಟರ ಕೆಲಸ. ಬಿ6 ತಿಂಗಳುಗಟ್ಟಲೆ ಅತಿಯಾದರೆ ಅದೇ ಜೋಮು ತರುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ.

ಬರೀ ತುರಿಕೆಗೆ ಸೆಟಿರಿಜಿನ್‌ನಂಥ ಅಲರ್ಜಿ ಮಾತ್ರೆ ಸಾಕಾಗುತ್ತದೆ. ಗಂಧೆಯ ಜೊತೆ ಜ್ವರ, ಬಾಯಿಹುಣ್ಣು, ಚರ್ಮ ಸುಲಿಯುವುದು, ಮುಖ ಊದುವುದು ಇದ್ದರೆ ಮಾತ್ರೆ ನಿಲ್ಲಿಸಿ ಓಡಿ. ಚರ್ಮದಡಿ ಸಾಸಿವೆ ಕಾಳಿನಂಥ ಕೆಂಪು ಚುಕ್ಕೆ, ವಸಡಲ್ಲಿ ರಕ್ತ ಕಂಡರೂ ಅಷ್ಟೇ ಅವಸರ. ಪಿಟ್ಸ್ ಬಂದರೆ, ಇದ್ದಕ್ಕಿದ್ದಂತೆ ಏನೇನೋ ಮಾತಾಡತೊಡಗಿದರೆ ಮನೆಯವರೇ ಕರೆದೊಯ್ಯಬೇಕು.

ಕರಾವಳಿಯವರಿಗೆ ಒಂದು ಮಾತು. ಬಂಗುಡೆಯಂಥ ಮೀನು ಐಸಿಲ್ಲದೆ ಬಿಸಿಲಲ್ಲಿ ಕೂತರೆ ಅದರಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ಎಷ್ಟು ಕುದಿಸಿದರೂ ಹೋಗುವುದಿಲ್ಲ. ಅದನ್ನು ಕರಗಿಸುವ ಎಂಜೈಮನ್ನು ಐಸೋನಿಯಾಜಿಡ್ ತಡೆಯುವುದರಿಂದ, ಊಟವಾದ ಸ್ವಲ್ಪ ಹೊತ್ತಿಗೇ ಮುಖ ಕೆಂಪೇರಿ ಎದೆ ಡವಡವ ಎನ್ನುತ್ತದೆ, ತಲೆ ಸಿಡಿಯುತ್ತದೆ. ಮನೆಯವರೆಲ್ಲ ಅದೇ ಸಾರು ತಿಂದು ಚೆನ್ನಾಗಿದ್ದು ನಿಮಗೊಬ್ಬರಿಗೇ ಹೀಗಾದರೆ ಮಾತ್ರೆಯ ಅಲರ್ಜಿ ಎಂದು ತೀರ್ಮಾನಿಸುವ ಮೊದಲು ಮೀನಿನ ವಿಷಯ ಹೇಳಿ. ತಾಜಾ ಮೀನಾದರೆ ಈ ಭಯ ಕಡಿಮೆ.

ಬೇರೆ ಮಾತ್ರೆಗಳ ಜೊತೆ ಜಗಳ

ರಿಫಾಂಪಿಸಿನ್ ಲಿವರನ್ನು ಚುರುಕುಗೊಳಿಸಿ ಬೇರೆ ಔಷಧಗಳನ್ನು ಬೇಗ ಖಾಲಿ ಮಾಡಿಸುತ್ತದೆ. ಮಾಲಾ-ಎನ್, ಮಾಲಾ-ಡಿಯಂಥ ಗರ್ಭನಿರೋಧಕ ಮಾತ್ರೆ ನೆಚ್ಚಿಕೊಳ್ಳುವಂತಿಲ್ಲ. ಕಾಪರ್-ಟಿ ಅಥವಾ ನಿರೋಧ್ ಬಳಸಿ. ರಕ್ತ ತೆಳು ಮಾಡುವ ವಾರ್ಫರಿನ್, ಸ್ಟಿರಾಯ್ಡ್, ಥೈರಾಯ್ಡ್ ಮಾತ್ರೆ, ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್‌ನಂಥವುಗಳ ಬಲ ಕುಗ್ಗುತ್ತದೆ. ಎಚ್‌ಐವಿಗೆ ಡೊಲುಟೆಗ್ರಾವಿರ್ ತೆಗೆದುಕೊಳ್ಳುವವರಿಗೆ 50 ಮಿಲಿಗ್ರಾಂ ದಿನಕ್ಕೆ ಎರಡು ಬಾರಿ ಬೇಕಾಗುತ್ತದೆ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ, ಹೆಸರು ನೆನಪಿಟ್ಟುಕೊಳ್ಳುವ ಕಷ್ಟವಿಲ್ಲ.

ರಾತ್ರಿ ಹೊತ್ತಿನಲ್ಲಿ ಏನಾದರೂ ಆದರೆ ಬರೆದಿಡುವ ಅಭ್ಯಾಸ ಒಳ್ಳೆಯದು: ಎಷ್ಟು ಗಂಟೆಗೆ ನುಂಗಿದಿರಿ, ಎಷ್ಟು ಹೊತ್ತಿಗೆ ಶುರುವಾಯಿತು, ಏನು ತಿಂದಿದ್ದಿರಿ. ಟಿಬಿ ಬಗ್ಗೆ ಕೇಳಲು ನಿಕ್ಷಯ್ ಸಹಾಯವಾಣಿ 1800-11-6666. ಯಾವುದೇ ಔಷಧದ ಅಡ್ಡಪರಿಣಾಮವನ್ನು ರೋಗಿಯೇ ವರದಿ ಮಾಡಲು 1800-180-3024. ಎರಡೂ ಉಚಿತ.

ಕೊನೆಯ ಮಾತ್ರೆ ನುಂಗಿದ ಒಂದೆರಡು ದಿನಕ್ಕೆ ಮೂತ್ರದ ಬಣ್ಣ ಮೊದಲಿನಂತಾಗುತ್ತದೆ. ಜೋಮು ಹೋಗಲು ತಿಂಗಳುಗಳೇ ಬೇಕಾಗಬಹುದು. ರಿಫಾಂಪಿಸಿನ್ ಚುರುಕುಗೊಳಿಸಿದ ಲಿವರ್ ಹಳೆಯ ಸ್ಥಿತಿಗೆ ಬರಲು ಸುಮಾರು ಎರಡು ವಾರ ಹಿಡಿಯುತ್ತದೆ. ಗರ್ಭನಿರೋಧಕ ಮಾತ್ರೆಯನ್ನು ಮಾತ್ರ ಇನ್ನೂ ನಾಲ್ಕು ವಾರ ನಂಬಬೇಡಿ. ಟಿಬಿ ಮಾತ್ರೆಗಾಗಿ ಸಕ್ಕರೆಯದ್ದೋ ವಾರ್ಫರಿನ್ನದ್ದೋ ಡೋಸ್ ಏರಿಸಿದ್ದರೆ ಈ ಎರಡು ವಾರದೊಳಗೆ ರಕ್ತಪರೀಕ್ಷೆ ಮಾಡಿಸಿ ಇಳಿಸಿಕೊಳ್ಳಬೇಕು. ಏರಿಸಿದ ಡೋಸ್ ಹಾಗೇ ಮುಂದುವರಿದರೆ ಸಕ್ಕರೆ ಕುಸಿಯುವುದು, ರಕ್ತಸ್ರಾವ ಆಗುವುದು ಆಗಲೇ.