ನಾಯಿಮರಿ ಮನೆಯೊಳಗೇ ಉಚ್ಚೆ ಹೊಯ್ಯುತ್ತಿದ್ದರೆ

ಮರಿ ತಂದ ಮನೆಗಳಲ್ಲೆಲ್ಲ ಒಂದೇ ದೂರು ಕೇಳುತ್ತೇನೆ. ಹೊರಗೆ ಕರೆದುಕೊಂಡು ಹೋಗಿ ಕಾಲು ಗಂಟೆ ಕಾದರೂ ಏನೂ ಮಾಡುವುದಿಲ್ಲ, ಒಳಗೆ ಬಂದು ಬಾಗಿಲು ಹಾಕುವಷ್ಟರಲ್ಲಿ ಕಾಲೊರಸಿನ ಮೇಲೆ ಕೂತುಬಿಟ್ಟಿರುತ್ತದೆ. ಬೇಕಂತಲೇ ಮಾಡುತ್ತದೆ ಎಂದು ಸಿಟ್ಟು ಬರುವುದು ಸಹಜ. ಆದರೆ ಮರಿಯ ಕಡೆಯಿಂದ ನೋಡಿ. ಹೊರಗೆ ಗಾಳಿ, ಹಾರುವ ಎಲೆ, ಹರಿಯುವ ಇರುವೆ, ಬೇರೆ ನಾಯಿಗಳ ವಾಸನೆ. ಅಷ್ಟೆಲ್ಲ ಇರುವಾಗ ಅದಕ್ಕೆ ಹೊಟ್ಟೆಯ ಕಡೆ ಗಮನವೇ ಹೋಗುವುದಿಲ್ಲ. ಒಳಗೆ ಬಂದರೆ ಎಲ್ಲ ಶಾಂತ, ಕಾಲಡಿ ಮೆತ್ತಗಿನ ಹಾಸು. ಆಗ ನೆನಪಾಗುತ್ತದೆ. ಅದರಲ್ಲಿ ಹಟವೂ ಇಲ್ಲ, ಸೇಡೂ ಇಲ್ಲ. "ಒಳಗೆ ಮಾಡಬಾರದು" ಎಂಬ ನಿಯಮವನ್ನು ಆ ಪುಟ್ಟ ತಲೆಗೆ ತುಂಬಲು ಹೋಗಬೇಡಿ. ಒಳಗು ಎಲ್ಲಿ ಮುಗಿಯಿತು, ಹೊರಗು ಎಲ್ಲಿ ಶುರುವಾಯಿತು ಎಂಬುದೇ ಅದಕ್ಕಿನ್ನೂ ತಿಳಿದಿಲ್ಲ. ಅದು ಕಲಿಯಬಲ್ಲದ್ದು ಒಂದು ಜಾಗವನ್ನು, ಆ ನೆಲ ಪಾದಕ್ಕೆ ತಾಗುವ ಬಗೆಯನ್ನು. ಆ ಜಾಗ ರೂಢಿಯಾಗುವವರೆಗೆ ಬೇರೆ ಕಡೆ ಹೊಯ್ಯುವ ಸಂದರ್ಭವೇ ಬಾರದ ಹಾಗೆ ನೋಡಿಕೊಳ್ಳುವುದು ದೊಡ್ಡವರ ಕೆಲಸ.

ಹುಟ್ಟಿದ ಮೊದಲ 2–3 ವಾರ ಮರಿಗಳಿಗೆ ತಾಯಿ ನೆಕ್ಕಿದರೆ ಮಾತ್ರ ಉಚ್ಚೆ, ಕಕ್ಕ ಆಗುವುದು. ಅದನ್ನು ಅವಳೇ ಶುಚಿ ಮಾಡುತ್ತಾಳೆ. 3 ವಾರ ದಾಟಿ ಕಾಲಿಗೆ ಬಲ ಬಂದ ಮೇಲೆ ಮಲಗುವ ಜಾಗ ಬಿಟ್ಟು ತುಸು ಆಚೆ ಹೋಗಿ ಮಾಡತೊಡಗುತ್ತವೆ. ಸುಮಾರು 7ರಿಂದ 9 ವಾರದ ಹೊತ್ತಿಗೆ ಎಂಥ ನೆಲದ ಮೇಲೆ ಮಾಡಬೇಕೆಂಬ ಒಲವು ಬಲಿಯುತ್ತದೆ. ಹುಲ್ಲಿನ ಮೇಲೆ ಬೆಳೆದದ್ದು ಹುಲ್ಲನ್ನು ಹುಡುಕುತ್ತದೆ, ಕಾಗದದ ಮೇಲೆ ಬೆಳೆದದ್ದು ಕಾಗದವನ್ನು. ಆದ್ದರಿಂದ ಮರಿ ತರುವಾಗಲೇ ಅದು ಇದುವರೆಗೆ ಎಲ್ಲಿ ಮಾಡುತ್ತಿತ್ತು ಎಂದು ಕೇಳಿಕೊಳ್ಳಿ. ಇಕ್ಕಟ್ಟಿನ ಪಂಜರದಲ್ಲಿ ತನ್ನ ಹೇಸಿಗೆಯಲ್ಲೇ ಮಲಗಿ ಬೆಳೆದ ಮರಿಯಾದರೆ ಆ ಸಹಜವಾದ ಶುಚಿತನ ಮಂಕಾಗಿರುತ್ತದೆ. ಅಂಥದ್ದಕ್ಕೆ ಇನ್ನಷ್ಟು ಕಾಲ ಕೊಡಿ, ತಪ್ಪು ಅದರದಲ್ಲ.

ಎಷ್ಟು ಹೊತ್ತು ತಡೆದುಕೊಳ್ಳಬಲ್ಲದು ಎಂಬುದಕ್ಕೆ ಸಾಕುವವರು ಒಂದು ಅಂದಾಜು ಇಟ್ಟುಕೊಂಡಿರುತ್ತಾರೆ. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿ, ಅಷ್ಟು ಗಂಟೆ. 2 ತಿಂಗಳಿನದಕ್ಕೆ ಹೆಚ್ಚೆಂದರೆ 3 ಗಂಟೆ. ಇದು ಕಡೆಯ ಮಿತಿ, ಅದೂ ಸುಮ್ಮನೆ ಮಲಗಿದ್ದಾಗ. ಎಚ್ಚರವಾಗಿ ಓಡಾಡುತ್ತಿದ್ದರೆ ಗಂಟೆಗೊಮ್ಮೆಯಾದರೂ ಹೊರಗೆ ಕರೆದೊಯ್ಯಬೇಕು. ಮೂತ್ರಕೋಶದ ಮೇಲೆ ಸರಿಯಾದ ಹಿಡಿತ ಬರುವುದು 4ರಿಂದ 6 ತಿಂಗಳ ಹೊತ್ತಿಗೆ. ಸಣ್ಣ ತಳಿಗಳಲ್ಲಿ ಇನ್ನೂ ತಡ. ಕೆಲಸಕ್ಕೆ ಹೋಗುವವರು ಮಧ್ಯಾಹ್ನ ಯಾರಾದರೂ ಬಂದು ಹೊರಗೆ ಬಿಡುವ ವ್ಯವಸ್ಥೆ ಮಾಡಿಕೊಳ್ಳದೆ ಎಳೆ ಮರಿಯನ್ನು ತರಲೇಬಾರದು ಎಂಬುದು ನನ್ನ ಖಚಿತ ಮಾತು.

ಗಂಟೆಗಿಂತಲೂ ನಂಬಬೇಕಾದವು ಕೆಲವು ಸಂದರ್ಭಗಳು. ನಿದ್ದೆಯಿಂದ ಎದ್ದ ಕೂಡಲೇ ಉಚ್ಚೆ ಬರುತ್ತದೆ, ಆಟದ ನಡುವೆಯೂ ಆಟ ಮುಗಿದ ಮೇಲೂ ಬರುತ್ತದೆ, ನೀರು ಕುಡಿದ ಸ್ವಲ್ಪ ಹೊತ್ತಿಗೆ ಬರುತ್ತದೆ. ಹೊಟ್ಟೆಗೆ ಆಹಾರ ಬಿದ್ದೊಡನೆ ಕರುಳು ಚುರುಕಾಗುವುದರಿಂದ ಉಂಡ 5ರಿಂದ 30 ನಿಮಿಷದೊಳಗೆ ಕಕ್ಕ ಬರುತ್ತದೆ. ಇದಕ್ಕಾಗಿಯೇ ಊಟಕ್ಕೆ ಹೊತ್ತು ಗೊತ್ತುಮಾಡಿ. ತಟ್ಟೆ ಇಡೀ ದಿನ ನೆಲದ ಮೇಲಿದ್ದರೆ ಹೊರಗೆ ಹೋಗುವ ಹೊತ್ತೂ ಲೆಕ್ಕಕ್ಕೆ ಸಿಗುವುದಿಲ್ಲ. 4 ತಿಂಗಳವರೆಗೆ ದಿನಕ್ಕೆ 3–4 ಸಲ, 6 ತಿಂಗಳಾದ ಮೇಲೆ 2 ಸಲ ಊಟ ಸಾಕು. ಆಹಾರ ಬದಲಿಸಬೇಕಾದರೆ ಒಂದು ವಾರದಲ್ಲಿ ನಿಧಾನವಾಗಿ ಬೆರೆಸುತ್ತಾ ಬದಲಿಸಿ. ಭೇದಿ ಹತ್ತಿದ ಮರಿ ಯಾವ ಪಾಠವನ್ನೂ ಕಲಿಯಲಾರದು. ನೀರನ್ನು ಮಾತ್ರ ಹಗಲಲ್ಲಿ ಎಂದೂ ಕಡಿಮೆ ಮಾಡಬೇಡಿ.

ಒಂದು ವಾರ ಪುಸ್ತಕದಲ್ಲಿ ಬರೆದಿಡಿ: ಯಾವಾಗ ಉಂಡಿತು, ಯಾವಾಗ ಮಲಗಿ ಎದ್ದಿತು, ಯಾವಾಗ ಎಲ್ಲಿ ಹೊಯ್ದಿತು. ನಿಮ್ಮ ಮರಿಯ ದಿನಚರಿ ಕಣ್ಣೆದುರಿಗೇ ಮೂಡುತ್ತದೆ.

ಹೊರಗೆ ಕರೆದೊಯ್ಯುವುದರಲ್ಲೇ ಹೆಚ್ಚಿನವರು ಎಡವುವುದು. ಬಾಗಿಲು ತೆರೆದು "ಹೋಗು" ಎಂದು ಬಿಟ್ಟರೆ ಆಗುವುದಿಲ್ಲ, ಜೊತೆಗೆ ಹೋಗಬೇಕು, ಅದೂ ಹಗ್ಗ ಕಟ್ಟಿಕೊಂಡು. ಪ್ರತಿ ಸಲವೂ ಅದೇ ಬಾಗಿಲು, ಅದೇ ದಾರಿ, ಅದೇ ಮೂಲೆ. ಅಲ್ಲಿ ಅದರದೇ ಹಳೆಯ ವಾಸನೆ ಇರುತ್ತದೆ, ಆ ವಾಸನೆ ನಿಮ್ಮ ಅರ್ಧ ಕೆಲಸ ಮಾಡುತ್ತದೆ. ಅಲ್ಲಿ ಮರದ ಹಾಗೆ ನಿಂತುಬಿಡಿ. ಮಾತು ಬೇಡ, ಆಟ ಬೇಡ, ಕೈಯಲ್ಲಿ ಫೋನೂ ಬೇಡ. ಮರಿ ಕೂತಾಗ ಮೆಲ್ಲನೆ ಒಂದೇ ಒಂದು ಮಾತು, "ಸೂಸು ಮಾಡು" ಎಂದೋ ನಿಮಗೆ ಬಾಯಿಗೆ ಬಂದ ಇನ್ನೊಂದೋ, ಪ್ರತಿ ಸಲ ಅದನ್ನೇ ಹೇಳಿ. ಕೆಲವು ವಾರಗಳಲ್ಲಿ ಆ ಮಾತು ಕೇಳಿದರೇ ಕೂರುತ್ತದೆ. ಮಳೆಯಲ್ಲಿ, ಪ್ರಯಾಣದಲ್ಲಿ ಇದರ ಬೆಲೆ ತಿಳಿಯುತ್ತದೆ. ಹೊಯ್ದು ಮುಗಿದ ಒಂದೆರಡು ಕ್ಷಣದೊಳಗೆ, ಅಲ್ಲೇ, ಹೊಗಳಿ ಜೇಬಿನಲ್ಲಿಟ್ಟಿದ್ದ ತಿಂಡಿಯ ಚೂರು ಕೊಡಿ. ಅಡುಗೆಮನೆಗೆ ಬಂದು ಡಬ್ಬಿ ತೆರೆದು ಕೊಟ್ಟರೆ ಮರಿ ತಿಳಿಯುವುದು ಒಳಗೆ ಬಂದದ್ದಕ್ಕೆ ತಿಂಡಿ ಸಿಕ್ಕಿತು ಎಂದು.

ಕೆಲಸ ಆದ ತಕ್ಷಣ ಎತ್ತಿಕೊಂಡು ಒಳಗೆ ಬರುವುದೂ ಸರಿಯಲ್ಲ. ಹೊಯ್ದರೆ ಹೊರಗಿನ ಸುಖ ಮುಗಿಯುತ್ತದೆ ಎಂದು ಜಾಣ ಮರಿಗಳು ಬೇಗ ಕಂಡುಕೊಂಡು, ತಡೆದು ತಡೆದು ಹೊತ್ತು ತಳ್ಳುತ್ತವೆ. ಮೊದಲು ಕೆಲಸ, ಆಮೇಲೆ ಐದು ನಿಮಿಷ ತಿರುಗಾಟ, ಆಮೇಲೆ ಮನೆ. ಎಷ್ಟೋ ಮರಿಗಳು ಒಂದೇ ಸಲಕ್ಕೆ ಪೂರ್ತಿ ಖಾಲಿ ಮಾಡುವುದಿಲ್ಲ, ಆ ತಿರುಗಾಟದಲ್ಲಿ ಎರಡನೆಯ ಸಲ ಮಾಡುತ್ತವೆ.

ಹತ್ತು ನಿಮಿಷ ಕಾದರೂ ಮಾಡಲಿಲ್ಲವೆನ್ನಿ. ಒಳಗೆ ತಂದು ಬಿಟ್ಟುಬಿಡಬೇಡಿ. ಕಾಲೊರಸು ಒದ್ದೆಯಾಗುವುದು ಆಗಲೇ. ಮಡಿಲಲ್ಲಿ ಇಟ್ಟುಕೊಳ್ಳಿ, ಇಲ್ಲವೇ ಗೂಡಿನಲ್ಲಿ (ಮರಿ ಮಲಗುವ, ಬಾಗಿಲಿರುವ ಪೆಟ್ಟಿಗೆಯಲ್ಲಿ) ಬಿಡಿ, ಇಲ್ಲವೇ ಹಗ್ಗವನ್ನು ನಿಮ್ಮ ಸೊಂಟಕ್ಕೆ ಕಟ್ಟಿಕೊಳ್ಳಿ. ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೆ ಅದೇ ಮೂಲೆಗೆ ನಡೆಯಿರಿ. ಎರಡನೆಯ ಸಲಕ್ಕೆ, ತಪ್ಪಿದರೆ ಮೂರನೆಯ ಸಲಕ್ಕೆ ಖಂಡಿತ ಮಾಡುತ್ತದೆ. ಬೇಸರದ ಕೆಲಸ ಹೌದು, ಆದರೆ ಮೊದಲು ಹೇಳಿದ ದೂರಿಗೆ ಇದಕ್ಕಿಂತ ಚೆನ್ನಾದ ಮದ್ದು ನಾನು ಕಂಡಿಲ್ಲ.

ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುವುದು ಮೊದಲ ವಾರಗಳಲ್ಲಿ ಮನೆಯೊಳಗೂ ಬಹಳ ಅನುಕೂಲ. ಮರಿ ಕಣ್ಣು ತಪ್ಪಿಸಿ ಸೋಫಾ ಹಿಂದೆ ಹೋಗಲಾರದು. ನೆಲ ಮೂಸುತ್ತಾ ಗಿರಕಿ ಹೊಡೆಯುವುದು, ಆಡುತ್ತಿದ್ದುದನ್ನು ಹಠಾತ್ತನೆ ಬಿಟ್ಟು ಹೋಗುವುದು, ಬಾಗಿಲ ಹತ್ತಿರ ಸುಳಿದಾಡುವುದು, ಹಿಂದೆ ಹೊಯ್ದಿದ್ದ ಜಾಗಕ್ಕೆ ಮರಳುವುದು, ಇವೆಲ್ಲ ಸೂಚನೆಗಳು. ಕಂಡೊಡನೆ ಹೊರಡಿ. ಕಣ್ಣಿಡಲು ಆಗದ ಹೊತ್ತಿಗೆ ಗೂಡು ಬೇಕು. ಎದ್ದು ನಿಂತು, ತಿರುಗಿ, ಕಾಲು ಚಾಚಿ ಮಲಗುವಷ್ಟು ಜಾಗ ಅದರಲ್ಲಿದ್ದರೆ ಸಾಕು. ದೊಡ್ಡದಾದರೆ ಒಂದು ಮೂಲೆ ಹಾಸಿಗೆ, ಇನ್ನೊಂದು ಮೂಲೆ ಪಾಯಿಖಾನೆ ಆಗಿಬಿಡುತ್ತದೆ. ಗೂಡಿನಲ್ಲಿ ಊಟ ಹಾಕಿ, ಆಟಿಕೆ ಇಡಿ, ಶಿಕ್ಷೆಗೆಂದು ಎಂದೂ ಅದರೊಳಗೆ ತಳ್ಳಬೇಡಿ. ಆಗಲೇ ಹೇಳಿದ ಗಂಟೆಗಳ ಮಿತಿ ಮೀರಿಸಲೂ ಬೇಡಿ.

ಇಷ್ಟೆಲ್ಲ ಮಾಡಿದರೂ ಒಳಗೆ ಆಗುತ್ತದೆ. ಕಣ್ಣೆದುರಿಗೇ ಕೂತರೆ "ಏಯ್, ಬಾ ಬಾ" ಎಂದು ಮೆದುವಾಗಿ ತಡೆದು ಎತ್ತಿಕೊಂಡು ಹೊರಗೆ ಹೋಗಿ, ಉಳಿದದ್ದು ಅಲ್ಲಿ ಆದರೆ ಹೊಗಳಿ. ಆಗಿಹೋದ ಮೇಲೆ ಕಂಡರೆ ಒರೆಸಿ ಸುಮ್ಮನಾಗಿ. ಮೂಗನ್ನು ಉಚ್ಚೆಗೆ ಉಜ್ಜುವುದು, ಪೇಪರ್ ಸುರುಳಿಯಿಂದ ಹೊಡೆಯುವುದು, ಇವು ಹಳಬರಿಂದ ಬಂದ ರೂಢಿ ಎಂದು ಯಾರು ಹೇಳಿದರೂ ಕೇಳಬೇಡಿ. ಮರಿಗೆ ಹೊಯ್ದದ್ದಕ್ಕೂ ಏಟಿಗೂ ನಂಟು ಹೊಳೆಯುವುದಿಲ್ಲ. ಹೊಳೆಯುವುದು ಒಂದೇ, ಈ ಮನುಷ್ಯರ ಎದುರಿಗೆ ಹೊಯ್ಯುವುದು ಅಪಾಯ ಎಂದು. ಆಮೇಲೆ ಅದು ಹೊರಗೂ ನಿಮ್ಮೆದುರು ಮಾಡುವುದಿಲ್ಲ, ಮಂಚದ ಕೆಳಗೆ ಹೋಗಿ ಮಾಡುತ್ತದೆ. "ತಪ್ಪು ಗೊತ್ತು, ಮುಖ ನೋಡಿದರೇ ತಿಳಿಯುತ್ತದೆ" ಎನ್ನುತ್ತಾರಲ್ಲ, ಅದನ್ನು ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ಅಮೆರಿಕದ ವಿಜ್ಞಾನಿ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ತಿನ್ನಬೇಡ ಎಂದು ಹೇಳಿದ್ದ ತಿಂಡಿಯನ್ನು ನಾಯಿ ತಿಂದಿದ್ದರೂ ತಿನ್ನದಿದ್ದರೂ, ಒಡೆಯರು ಗದರಿದಾಗ ಆ ತಪ್ಪಿತಸ್ಥ ಮುಖ ಕಾಣಿಸಿಕೊಂಡಿತು. ನಾವು ಪಶ್ಚಾತ್ತಾಪ ಎಂದುಕೊಳ್ಳುವುದು ನಮ್ಮ ಸಿಟ್ಟಿಗೆ ಅದು ತೋರುವ ಅಂಜಿಕೆ.

ಒರೆಸುವುದರಲ್ಲಿ ಅವಸರ ಮಾಡಬೇಡಿ, ಮರುಕಳಿಸುವ ಅರ್ಧ ತೊಂದರೆ ಇರುವುದು ಇಲ್ಲೇ. ನಮ್ಮ ಮೂಗಿಗೆ ಏನೂ ಇಲ್ಲವೆನಿಸಿದರೂ ಮರಿಯ ಮೂಗಿಗೆ ಅಲ್ಲಿ "ಇದು ನಿನ್ನ ಜಾಗ" ಎಂಬ ಗುರುತು ಉಳಿದಿರುತ್ತದೆ. ಮೊದಲು ಒಣಬಟ್ಟೆ ಒತ್ತಿ ಹೀರಿಸಿ, ಉಜ್ಜಬೇಡಿ, ಉಜ್ಜಿದರೆ ಹಾಸಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ತಣ್ಣೀರು. ಅನಂತರ ಸಾಕುಪ್ರಾಣಿಗಳ ಕಲೆಗೆಂದೇ ಬರುವ ಎನ್‌ಜೈಮ್ ದ್ರಾವಣ ಧಾರಾಳವಾಗಿ ಹಾಕಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ನೆನೆಯಲು ಬಿಡಿ. ವಾಸನೆಯ ಮೂಲವನ್ನೇ ಒಡೆಯುವುದು ಅದು. ಬೇರೆ ಸೋಪು ಮೊದಲೇ ಹಾಕಿದ್ದರೆ ಅದರ ಶಕ್ತಿ ಕುಂದುತ್ತದೆ. ಫಿನಾಯಿಲ್ ವಾಸನೆಯನ್ನು ಮುಚ್ಚುತ್ತದೆಯೇ ಹೊರತು ತೆಗೆಯುವುದಿಲ್ಲ, ಮೇಲಾಗಿ ಆ ನೆಲದ ಮೇಲೆ ನಡೆದು ಪಾದ ನೆಕ್ಕುವ ಮರಿಗೆ ಒಳ್ಳೆಯದಲ್ಲ. ಅಮೋನಿಯಾ ಇರುವ ಕ್ಲೀನರ್ ಬೇಡವೇ ಬೇಡ, ಅದರ ವಾಸನೆ ಉಚ್ಚೆಯನ್ನೇ ಹೋಲುತ್ತದೆ. ಹಳೆಯ ಉಚ್ಚೆಯ ಮೇಲೆ ಬ್ಲೀಚ್ ಸುರಿಯಬೇಡಿ. ಉಚ್ಚೆಯಲ್ಲಿನ ಅಮೋನಿಯಾದ ಜೊತೆ ಸೇರಿ ಕ್ಲೋರಮೀನ್ ಎಂಬ ವಿಷಗಾಳಿ ಏಳುತ್ತದೆ, ಅದು ನಿಮಗೂ ಕೆಟ್ಟದ್ದು. ಒಣಗಿದ ಹಳೆಯ ಕಲೆ ಎಲ್ಲಿದೆ ಎಂದು ತಿಳಿಯದಿದ್ದರೆ ಕತ್ತಲಲ್ಲಿ ಯುವಿ ಟಾರ್ಚ್ ಹಿಡಿದು ನೋಡಿ, ಹೊಳೆಯುತ್ತದೆ. ಮತ್ತೆ ಮತ್ತೆ ಜಮಖಾನವನ್ನೇ ಆರಿಸಿಕೊಂಡರೆ ಅದನ್ನು ಸುತ್ತಿ ಕೆಲವು ತಿಂಗಳು ಅಟ್ಟಕ್ಕೆ ಹಾಕಿ.

ರಾತ್ರಿ ಗೂಡನ್ನು ನಿಮ್ಮ ಮಂಚದ ಪಕ್ಕ ಇಟ್ಟುಕೊಳ್ಳಿ, ಕುಂಯ್‌ಗುಟ್ಟಿದರೆ ಕೇಳಿಸಬೇಕು. ಮಲಗುವುದಕ್ಕೆ ಮುಂಚೆ ಕೊನೆಯ ಸಲ ಹೊರಗೆ. ಎಳೆ ಮರಿಗೆ ನಡುರಾತ್ರಿ ಒಂದೆರಡು ಸಲ ಏಳಬೇಕಾಗುತ್ತದೆ. ಆಗ ದೊಡ್ಡ ದೀಪ, ಮಾತು, ಮುದ್ದು ಯಾವುದೂ ಬೇಡ, ಮಾಡಿಸಿ ಮಲಗಿಸಿ. ಮುದ್ದು ಸಿಕ್ಕಿದರೆ ನಾಳೆಯಿಂದ ಆಟಕ್ಕೇ ಏಳುತ್ತದೆ.

ಲಸಿಕೆ ಮುಗಿಯದ ಮರಿಯನ್ನು ಬೀದಿಗೆ ಇಳಿಸುವುದು ಹೇಗೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ್ದೇ. ಲಸಿಕೆ 6ರಿಂದ 8 ವಾರಕ್ಕೆ ಶುರುವಾಗಿ 2–4 ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ ನಡೆಯುತ್ತದೆ. ಮರಿಗಳಿಗೆ ಮಾರಕವಾದ ವಾಂತಿಭೇದಿ ತರುವ ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರಬಲ್ಲದು. ಲಸಿಕೆ ಮುಗಿಯುವವರೆಗೆ ಬೇರೆ ನಾಯಿ ಓಡಾಡದ ನಿಮ್ಮದೇ ಹಿತ್ತಲು, ಅದಿಲ್ಲದಿದ್ದರೆ ಬಾಲ್ಕನಿಯಲ್ಲಿ ಹುಲ್ಲುಹಾಸು ತುಂಬಿದ ಅಗಲವಾದ ಟ್ರೇ. ಕಾಗದ ಹಾಸುವ ಪದ್ಧತಿ ನನಗೆ ಅಷ್ಟು ಹಿಡಿಸದು, ಮುಂದೆ ನೆಲಕ್ಕೆ ಬಿದ್ದ ಪೇಪರೆಲ್ಲ ಅದರ ಪಾಲಾಗುತ್ತದೆ. ಹುಲ್ಲಿನ ಟ್ರೇ ಆದರೆ ಮುಂದೆ ಹೊರಗಿನ ಹುಲ್ಲು ಅದಕ್ಕೆ ಹೊಸದೆನಿಸುವುದಿಲ್ಲ.

ಒಳಗೆ ಬಿದ್ದ ಉಚ್ಚೆಯೆಲ್ಲ ಕಲಿಕೆಯ ಕೊರತೆಯಲ್ಲ. ನೀವು ಬಾಗಿಲು ತೆರೆದಾಗ ಬಾಲ ಆಡಿಸುತ್ತಾ, ಮೈ ಕುಗ್ಗಿಸಿ ನಾಲ್ಕು ಹನಿ ಚೆಲ್ಲುವುದು ಸಂಭ್ರಮಕ್ಕೋ ಅಳುಕಿಗೋ, ಅದು ಮರಿಯ ಅಂಕೆಯಲ್ಲಿಲ್ಲ. ಮೇಲೆ ಬಾಗಬೇಡಿ, ಗದರಬೇಡಿ. ಬಂದವರು ಮೊದಲು ಸುಮ್ಮನಿದ್ದು, ಅದು ಸಮಾಧಾನವಾದ ಮೇಲೆ ಕುಕ್ಕರುಗಾಲಲ್ಲಿ ಕೂತು ಎದೆಯ ಬಳಿ ಸವರಲಿ. ಮರಿ ಬೆಳೆದಂತೆ ಈ ಅಭ್ಯಾಸ ತಾನಾಗಿ ನಿಂತುಹೋಗುತ್ತದೆ. ಸುಮಾರು 6 ತಿಂಗಳಾದ ಗಂಡು ಮರಿ ಕುರ್ಚಿಯ ಕಾಲಿಗೆ ಕಾಲೆತ್ತತೊಡಗಿದರೆ ಅದು ಗುರುತು ಹಾಕುವ ಸ್ವಭಾವ, ಸಂತಾನಹರಣ ಚಿಕಿತ್ಸೆಯ ಬಗ್ಗೆ ವೈದ್ಯರೊಡನೆ ಮಾತಾಡುವ ಹೊತ್ತು.

ಮತ್ತೆ ಕೆಲವಕ್ಕೆ ಕಾರಣ ಕಾಯಿಲೆ. ಸ್ವಲ್ಪ ಸ್ವಲ್ಪವೇ ಪದೇ ಪದೇ ಹೊಯ್ಯುವುದು, ತಿಣುಕುವುದು, ಬಣ್ಣ ಕೆಂಪಾಗುವುದು, ಚೆನ್ನಾಗಿ ಕಲಿತದ್ದು ದಿಢೀರನೆ ತಪ್ಪುವುದು, ಇವು ಮೂತ್ರನಾಳದ ಸೋಂಕಿನ ಗುರುತಿರಬಹುದು, ಹೆಣ್ಣು ಮರಿಗಳಲ್ಲಿ ಹೆಚ್ಚು. ಮಲಗಿದ್ದಲ್ಲೇ ಸದಾ ತೊಟ್ಟಿಕ್ಕುತ್ತಿದ್ದರೆ ಹುಟ್ಟಿನಿಂದ ಬಂದ ನಾಳದ ದೋಷವೂ ಇರಬಹುದು. ಬೆಳಗಿನ ಮೊದಲ ಉಚ್ಚೆಯನ್ನು ಶುಚಿಯಾದ ಡಬ್ಬಿಯಲ್ಲಿ ಹಿಡಿದುಕೊಂಡು ಬೇಗನೆ ಪಶುವೈದ್ಯರಲ್ಲಿಗೆ ಹೋಗಿ. ರಕ್ತಭೇದಿ, ವಾಂತಿ ಕಂಡರಂತೂ ಅದೇ ದಿನ, ಅದೇ ಗಳಿಗೆ.

ಒಂದು ತಿಂಗಳು ಒಳಗೆ ಒಂದೂ ಆಗದಿದ್ದರೆ ಅದುವರೆಗೆ ಮರಿಗೆ ಮುಚ್ಚಿಟ್ಟಿದ್ದ ಇನ್ನೊಂದು ಕೋಣೆಯ ಬಾಗಿಲು ತೆರೆಯಬಹುದು, ಒಂದೇ ಕೋಣೆ. ಹದಿಹರೆಯಕ್ಕೆ ಬಂದಾಗ, ಮನೆ ಬದಲಿಸಿದಾಗ ಮತ್ತೆ ತಪ್ಪಿದರೆ ಗಾಬರಿ ಬೇಡ, ಕೋಣೆಗಳನ್ನು ಮುಚ್ಚಿ ಹಗ್ಗಕ್ಕೂ ಗಡಿಯಾರಕ್ಕೂ ಮರಳಿ. ನೆಂಟರ ಮನೆಯೂ ಅದಕ್ಕೆ ಹೊಸ ಜಾಗವೇ, ಹೋದ ಕೂಡಲೇ ಅಲ್ಲಿನ ಹೊರಮೂಲೆ ತೋರಿಸಿ. ಹೊಸ ಕೋಣೆಗೆ ಬಿಡುವ ಮೊದಲು ಹೊರಗೆ ಖಾಲಿ ಮಾಡಿಸಿಕೊಂಡು ಬನ್ನಿ, ಮೊದಲ ದಿನಗಳಲ್ಲಿ ನೀವೂ ಅಲ್ಲೇ ಕೂತು ಆಡಿಸಿ, ಒಂದು ಹೊತ್ತಿನ ಊಟ ಅಲ್ಲೇ ಹಾಕಿ, ಅದರ ಹಾಸಿಗೆಯನ್ನು ಅಲ್ಲಿಗೆ ಒಯ್ಯಿರಿ. ಉಣ್ಣುವ, ಮಲಗುವ ಜಾಗವನ್ನು ಕೊಳೆ ಮಾಡಲು ನಾಯಿಗೆ ಸಾಮಾನ್ಯವಾಗಿ ಮನಸ್ಸು ಬಾರದು.